ದಡದಲ್ಲಿ ನಿಂತು ಡಾಲ್ಫಿನ್ ಗುರುತಿಸುವುದು: ಮಂಗಳೂರು, ಉಡುಪಿಯ ಸ್ವಯಂಸೇವಕರಿಗೆ

ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆ ಸ್ವಯಂಸೇವಕರು ಕಡಲ ಬಂಡೆಗಳ ಮೇಲೆ ಕೂತು ಬೂದು ಸೀಲ್‌ಗಳ ಫೋಟೋ ತೆಗೆಯುತ್ತಾರೆ. ಒಂದೊಂದು ಸೀಲ್‌ನ ಮೈಮೇಲಿನ ಮಚ್ಚೆ ಒಂದೊಂದು ಥರ. ಹಳೆಯ ಫೋಟೋ ಜೊತೆ ಹೊಸದನ್ನು ಹೋಲಿಸಿದರೆ, ಹೋದ ವರ್ಷ ಬಂದದ್ದೇ ಈ ವರ್ಷವೂ ಬಂದಿದೆಯಾ ಅಂತ ತಿಳಿಯುತ್ತದೆ. ನಮ್ಮ ಕಡಲಲ್ಲಿ ಸೀಲ್ ಇಲ್ಲ. ಆದರೆ ಡಾಲ್ಫಿನ್ ಇದೆ, ಅದೂ ದಡದಿಂದಲೇ ಕಾಣುವಷ್ಟು ಹತ್ತಿರ. ಅದರ ಬೆನ್ನಿನ ರೆಕ್ಕೆಯ ಮೇಲಿನ ಗೀರು, ಕಚ್ಚುಗಳನ್ನು ಹಿಡಿದು ಇದೇ ಕೆಲಸ ಇಲ್ಲಿಯೂ ಮಾಡಬಹುದು. ದೊಡ್ಡ ಓದು ಬೇಡ, ದೋಣಿ ಬೇಡ. ಬೆಳಿಗ್ಗೆ ಬೇಗ ಏಳುವ ಅಭ್ಯಾಸ, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು.

ಹೊಸಬರಲ್ಲಿ ಹೆಚ್ಚಿನವರು ಕಂಡದ್ದನ್ನು ಬರೆಯುವ ಮೊದಲೇ ಅದಕ್ಕೊಂದು ಹೆಸರು ಕೊಟ್ಟುಬಿಡುತ್ತಾರೆ. ಹೆಸರು ಆಮೇಲೂ ಕೊಡಬಹುದು, ಬೇರೆಯವರೂ ಕೊಡಬಹುದು. ಕಂಡದ್ದನ್ನು ಮಾತ್ರ ನೀವೇ ಬರೆಯಬೇಕು, ಅದೂ ಆಗಲೇ. ಈ ಲೇಖನದಲ್ಲಿ ಉಳಿದದ್ದು ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಯಾವಾಗ ಹೋಗಬೇಕು

ಬೆಳಿಗ್ಗೆ. ನಮ್ಮದು ಪಶ್ಚಿಮ ಕರಾವಳಿ, ಬೆಳಗಿನ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ನೀರಿನ ಮೇಲೆ ಬೆಳಕು ಸರಿಯಾಗಿ ಬೀಳುತ್ತದೆ, ರೆಕ್ಕೆಯ ಆಕಾರ ಸ್ಪಷ್ಟ ಕಾಣುತ್ತದೆ. ಸಂಜೆಯಾದರೆ ಬಿಸಿಲು ನೇರ ಕಣ್ಣಿಗೇ. ಆಗ ಡಾಲ್ಫಿನ್ ಕಂಡರೂ ಬರೀ ಕಪ್ಪು ಚುಕ್ಕೆ, ದೋಣಿಯ ಕಂಬವೂ ಕಪ್ಪು ಚುಕ್ಕೆ.

ಗಾಳಿಯ ಲೆಕ್ಕವೂ ಬೆಳಗಿನ ಕಡೆಗೇ ಇದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಬರುತ್ತದೆ, ದಡದ ಹತ್ತಿರ ನೀರು ಹೆಚ್ಚು ಅಲುಗುವುದಿಲ್ಲ. ಹೊತ್ತು ಏರಿದಂತೆ ಕಡಲ ಗಾಳಿ ತಿರುಗಿ ಬೀಸುತ್ತದೆ. ಅಲೆಗಳ ತಲೆಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಏಳಲು ಶುರುವಾಯಿತು ಅಂದರೆ ಆ ದಿನದ ಕೆಲಸ ಮುಗಿಯಿತು ಅಂತಲೇ ತಿಳಿಯಿರಿ. ನೊರೆ ಇರುವಾಗ ನೋಡಿ 'ಡಾಲ್ಫಿನ್ ಇಲ್ಲ' ಅಂತ ಬರೆದರೆ ಆ ದಾಖಲೆಗೆ ಅರ್ಥವೇ ಇಲ್ಲ. ಇದ್ದರೂ ನಿಮಗೆ ಕಾಣುತ್ತಿರಲಿಲ್ಲ, ಅಲ್ವಾ?

ತಿಂಗಳು ಹೇಳಬೇಕಾದರೆ ಅಕ್ಟೋಬರ್‌ನಿಂದ ಫೆಬ್ರವರಿ ಚೆನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೂಫಾನಿನ ಕಡಲು. ಆಗ ದಡದಿಂದ ನೋಡುವುದು ವ್ಯರ್ಥ, ಬಂಡೆ ಹತ್ತುವುದು ಅಪಾಯ.

ಎಲ್ಲಿ ನಿಲ್ಲಬೇಕು

ಅಳಿವೆ ಹುಡುಕಿ. ನದಿ ಕಡಲು ಸೇರುವ ಜಾಗದಲ್ಲಿ ಮೀನು ಜಾಸ್ತಿ, ಮೀನಿನ ಹಿಂದೆ ಡಾಲ್ಫಿನ್. ನಮ್ಮ ಎರಡು ಜಿಲ್ಲೆಗಳಲ್ಲಿ ಇದಕ್ಕೆ ಬರವಿಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಕಡಲು ಸೇರುವ ಬೆಂಗ್ರೆ–ಉಳ್ಳಾಲದ ಅಳಿವೆ ಬಾಗಿಲು, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು, ಸುವರ್ಣಾ ಮತ್ತು ಸೀತಾ ಸೇರುವ ಕೋಡಿಬೆಂಗ್ರೆ, ಐದು ನದಿಗಳು ಕೂಡುವ ಗಂಗೊಳ್ಳಿ. ಇವುಗಳಲ್ಲಿ ನಿಮ್ಮ ಮನೆಗೆ ಹತ್ತಿರ ಇರುವುದನ್ನು ಆರಿಸಿ. ವರ್ಷಕ್ಕೊಮ್ಮೆ ಗಂಗೊಳ್ಳಿಗೆ ಹೋಗುವುದಕ್ಕಿಂತ ವಾರಕ್ಕೊಮ್ಮೆ ಸಸಿಹಿತ್ಲಿಗೆ ಹೋಗುವುದೇ ಲಾಭ.

ಸ್ವಲ್ಪ ಎತ್ತರ ಸಿಕ್ಕರೆ ಬಿಡಬೇಡಿ. ಮರಳಿನ ಮೇಲೆ ನಿಂತರೆ ಎದುರಿನ ಅಲೆಯೇ ಅರ್ಧ ಕಡಲನ್ನು ಮರೆ ಮಾಡುತ್ತದೆ. ಎತ್ತರದಿಂದ ಅಲೆ ಅಲೆಯ ನಡುವಿನ ನೀರೂ ಕಾಣುತ್ತದೆ. ಕಾಪುವಿನಲ್ಲಿ 1901ರ ದೀಪಸ್ತಂಭ ಇದೆಯಲ್ಲ, ಅದರ ಮೇಲೆ ಹತ್ತಬೇಕೆಂದಿಲ್ಲ, ಅದು ನಿಂತಿರುವ ಬಂಡೆಯೇ ಸಾಕು. ಮಲ್ಪೆಯ ಸೀ ವಾಕ್ ಕೂಡ ಒಳ್ಳೆಯ ಜಾಗ, ಆದರೆ ರಜಾದಿನ ಬಿಟ್ಟು ಹೋಗಿ. ಸೋಮೇಶ್ವರದ ಬಂಡೆಗಳಿಂದ ನೋಟ ಬಲು ಚೆಂದ. ಆದರೂ ಒದ್ದೆ ಬಂಡೆಗೆ ಕಾಲಿಡಬೇಡಿ. ಅಲ್ಲಿ ಅಲೆ ಹೇಳಿ ಕೇಳಿ ಬರುವುದಿಲ್ಲ. ಕಣ್ಣಿಗೆ ಬೈನಾಕ್ಯುಲರ್ ಹಿಡಿದವನಿಗೆ ಕಾಲ ಕೆಳಗಿನ ಪಾಚಿ ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಯಾವತ್ತೂ ಇಬ್ಬರಾಗಿ ಹೋಗಿ. ಒಬ್ಬರು ನೋಡಲಿ, ಇನ್ನೊಬ್ಬರು ಬರೆಯಲಿ, ಅರ್ಧ ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ. ಒಬ್ಬರೇ ಗಂಟೆಗಟ್ಟಲೆ ನೀರು ನೋಡಿದರೆ ಕಣ್ಣು ಸೋತು ಇಲ್ಲದ್ದೆಲ್ಲ ಕಾಣುತ್ತದೆ.

ಏನು ಬೇಕು

ಬೈನಾಕ್ಯುಲರ್ ಇದ್ದರೆ 8x42 ಅಥವಾ 7x50 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಹತ್ತರ ಮೇಲೆ ಹೋದರೆ ಕೈ ನಡುಗಿದ್ದೇ ಕಾಣುತ್ತದೆ. ಕ್ಯಾಮೆರಾಗೆ 300 ಮಿ.ಮೀ. ಲೆನ್ಸ್ ಇದ್ದರೆ ಒಳ್ಳೆಯದು, ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ (1/1000) ನಿಧಾನ ಬೇಡ. ಮೊಬೈಲ್ ಮಾತ್ರ ಇದ್ದರೆ ಫೋಟೋ ಬಿಡಿ, ವಿಡಿಯೋ ಮಾಡಿ. ರೆಕ್ಕೆ ಮೇಲೆ ಇರುವುದು ಒಂದೆರಡು ಸೆಕೆಂಡ್, ನೀವು ಬಟನ್ ಒತ್ತುವ ಹೊತ್ತಿಗೆ ಬರೀ ನೀರು ಉಳಿದಿರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿಡಿ.

ಹುಡುಕುವ ಕ್ರಮ

ಹೋದ ಕೂಡಲೇ ಬೈನಾಕ್ಯುಲರ್ ಕಣ್ಣಿಗೆ ಒತ್ತಿಕೊಳ್ಳಬೇಡಿ. ಮೊದಲು ಐದು ನಿಮಿಷ ಬರಿಗಣ್ಣಲ್ಲಿ ಇಡೀ ಕಡಲು ನೋಡಿ. ಹಕ್ಕಿಗಳು ಒಂದೇ ಜಾಗದಲ್ಲಿ ಗುಂಪಾಗಿ ನೀರಿಗೆ ಬೀಳುತ್ತಿವೆಯಾ? ಸಣ್ಣ ಮೀನು ಚದುರಿ ಮೇಲೆ ಹಾರುತ್ತಿದೆಯಾ? ನಾಡದೋಣಿ ಬಲೆ ಎಳೆಯುತ್ತಿದೆಯಾ? ಇಂಥ ಕಡೆ ಮೊದಲು ಗಮನ ಕೊಡಿ. ಆಮೇಲೆ ಬೈನಾಕ್ಯುಲರ್‌ನಲ್ಲಿ ಎಡದಿಂದ ಬಲಕ್ಕೆ ನಿಧಾನ ಸರಿಸಿ, ಮತ್ತೆ ಬಲದಿಂದ ಎಡಕ್ಕೆ, ಈ ಸಲ ಸ್ವಲ್ಪ ಕೆಳಗೆ. ದೂರ ನೋಡುವ ಆಸೆಯಲ್ಲಿ ಅಲೆ ಒಡೆಯುವ ಜಾಗದ ಹಿಂದಿನ ನೀರನ್ನು ಬಿಟ್ಟುಬಿಡುವವರೇ ಜಾಸ್ತಿ. ದಡದಿಂದ ಹೆಚ್ಚಾಗಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಹಲವು ಸಲ ಅಲ್ಲೇ ಇರುತ್ತದೆ.

ಒಮ್ಮೆ ಕಂಡರೆ ಅದೇ ಜಾಗ ದಿಟ್ಟಿಸುತ್ತಾ ಕೂರಬೇಡಿ. ಅದು ಉಸಿರಿಗಾಗಿ ಕೆಲವು ಸಲ ಬೇಗ ಬೇಗ ಮೇಲೆ ಬಂದು, ಆಮೇಲೆ ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಒಳಗೆ ಹೋಗುತ್ತದೆ. ಮೇಲೆ ಬರುವುದು ಬೇರೆ ಕಡೆ. ಕಡಲು ಶಾಂತವಾಗಿದ್ದು ನೀವು ಮಾತಾಡದೆ ಇದ್ದರೆ ಉಸಿರು ಬಿಡುವ 'ಫೂ' ಸದ್ದೂ ಕೇಳಿಸೀತು.

ಯಾವುದು ಅಂತ ಗುರುತಿಸುವುದು

ಇದೇ ಕಷ್ಟದ ಭಾಗ, ಇಲ್ಲಿ ಸ್ವಲ್ಪ ನಿಧಾನಿಸೋಣ.

ಬಣ್ಣ ನಂಬಬೇಡಿ. ದೂರದಿಂದ ಎಲ್ಲವೂ ಕಪ್ಪು. ಗಾತ್ರವನ್ನೂ ನಂಬಬೇಡಿ, ಹತ್ತಿರ ದೋಣಿ ಇಲ್ಲದಿದ್ದರೆ ಐದಡಿಯದ್ದು ಎಂಟಡಿ ಆಗಿಬಿಡುತ್ತದೆ. ನಂಬಬೇಕಾದದ್ದು ಎರಡು: ಬೆನ್ನಿನ ರೆಕ್ಕೆಯ ಆಕಾರ, ಮತ್ತು ನೀರಿನಿಂದ ಮೇಲೆದ್ದು ಮುಳುಗುವ ರೀತಿ.

ಮೊದಲ ಪ್ರಶ್ನೆ: ಇದು ಮೀನೋ, ಡಾಲ್ಫಿನ್ನೋ? ಶಾರ್ಕ್‌ನ ರೆಕ್ಕೆ ಮೇಲೆ ಕಂಡರೆ ನೇರವಾಗಿ ಸಾಗುತ್ತಾ ಇರುತ್ತದೆ, ಹಿಂದೆ ಬಾಲದ ತುದಿ ಅತ್ತಿತ್ತ ಆಡುತ್ತದೆ. ಮೀನಿನ ಬಾಲ ಎಡ-ಬಲ ಬೀಸುವಂಥದ್ದು, ಡಾಲ್ಫಿನ್ನದು ಮೇಲೆ-ಕೆಳಗೆ. ಹಾಗಾಗಿ ಡಾಲ್ಫಿನ್ನಿನ ರೆಕ್ಕೆ ಏಳುತ್ತದೆ, ಮುಂದಕ್ಕೆ ಬಾಗುತ್ತದೆ, ಮುಳುಗುತ್ತದೆ. ಅಳಿವೆಯೊಳಗೆ ತಲೆ ಮಾತ್ರ ಎತ್ತಿ, ಮೀಸೆ ಕಾಣಿಸುತ್ತಾ ಈಜುವ ಪ್ರಾಣಿ ಕಂಡರೆ 'ಸೀಲ್ ಬಂತು' ಅಂತ ಓಡಬೇಡಿ, ಅದು ನೀರುನಾಯಿ.

ಗೂನುಬೆನ್ನಿನ ಡಾಲ್ಫಿನ್, ಅಂದರೆ ಹಂಪ್‌ಬ್ಯಾಕ್ ಡಾಲ್ಫಿನ್, ನೀವು ದಡದಿಂದ ನೋಡುವ ಸಾಧ್ಯತೆ ಹೆಚ್ಚಿರುವುದು. 20–25 ಮೀಟರ್‌ಗಿಂತ ಕಡಿಮೆ ಆಳದ ನೀರೇ ಇದರ ಮನೆ. ಇದು ಏಳುವುದನ್ನು ಒಮ್ಮೆ ಸರಿಯಾಗಿ ನೋಡಿದವರು ಮತ್ತೆ ಮರೆಯುವುದಿಲ್ಲ. ಮೊದಲು ಉದ್ದ ಮೂತಿ ಓರೆಯಾಗಿ ನೀರಿನಿಂದ ಹೊರಗೆ ಬರುತ್ತದೆ. ಆಮೇಲೆ ತಲೆ. ತಲೆ ಒಳಗೆ ಹೋಗುತ್ತಿದ್ದಂತೆ ಬೆನ್ನು ಏಳುತ್ತದೆ, ಬೆನ್ನಿನ ನಡುವೆ ಉದ್ದನೆಯ ದಿಬ್ಬ, ಆ ದಿಬ್ಬದ ಮೇಲೆ ಸಣ್ಣ ತ್ರಿಕೋನದ ರೆಕ್ಕೆ. ರೆಕ್ಕೆ ಅಲ್ಲ, ಕೆಳಗಿನ ಆ ದಿಬ್ಬವೇ ಗುರುತು. ಕೊನೆಗೆ ಬೆನ್ನು ಚೆನ್ನಾಗಿ ಬಾಗಿ, ಆಳಕ್ಕೆ ಹೋಗುವುದಿದ್ದರೆ ಬಾಲವೂ ಮೇಲೆ ಬರುತ್ತದೆ. ಎಲ್ಲ ಸೇರಿ ಎರಡು ಮೂರು ಸೆಕೆಂಡ್. ಸಾಮಾನ್ಯವಾಗಿ ಸಣ್ಣ ಗುಂಪು. ಮರಿ ತಾಯಿಯ ಪಕ್ಕೆಗೆ ಅಂಟಿಕೊಂಡಂತೆ ಏಳುತ್ತದೆ. ಇದು ಅಳಿವಿನಂಚಿನ ಪ್ರಾಣಿ ಅಂತ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2017ರಲ್ಲಿ ಪಟ್ಟಿ ಮಾಡಿದೆ. ದಡಕ್ಕೆ ಇಷ್ಟು ಹತ್ತಿರ ಬದುಕುವುದೇ ಇದರ ಕಷ್ಟ, ಬಲೆ, ಬಂದರು, ಕೊಳಚೆ ಎಲ್ಲವೂ ಇಲ್ಲೇ ಇವೆಯಲ್ಲ.

ದಿಬ್ಬ ಇಲ್ಲ, ರೆಕ್ಕೆ ಎತ್ತರವಾಗಿ ಹಿಂದಕ್ಕೆ ಕುಡುಗೋಲಿನ ಥರ ಬಾಗಿದೆ ಅಂದರೆ ಬಾಟಲ್‌ನೋಸ್ ಡಾಲ್ಫಿನ್ ಇರಬಹುದು. 'ಇರಬಹುದು' ಅಂತಲೇ ಬರೆಯಿರಿ.

ರೆಕ್ಕೆಯೇ ಇಲ್ಲದಿದ್ದರೆ? ಅದು ಫಿನ್‌ಲೆಸ್ ಪೊರ್ಪಾಯ್ಸ್, ಡಾಲ್ಫಿನ್ನಿನ ಬಂಧು. ಐದಡಿ ಆಸುಪಾಸಿನ ಸಣ್ಣ ಪ್ರಾಣಿ, ದುಂಡು ತಲೆ, ಮೂತಿ ಚಾಚಿಲ್ಲ. ಒಂದೋ ಎರಡೋ ಇರುತ್ತವೆ, ಹಾರುವುದಿಲ್ಲ, ದೋಣಿ ಕಂಡರೆ ದೂರ ಸರಿಯುತ್ತವೆ. ಇದನ್ನು ದಡದಿಂದ ನೋಡಿದೆ ಅನ್ನುವವರಿಗಿಂತ, ನೋಡಿಯೂ ಗೊತ್ತಾಗದೆ ಹೋದವರೇ ಜಾಸ್ತಿ. ಸತ್ತು ದಡಕ್ಕೆ ಬಂದಾಗ ಮೈ ಪೂರ್ತಿ ಕಪ್ಪಾಗಿರುತ್ತದೆ. ಜನ ಅದನ್ನು 'ಡಾಲ್ಫಿನ್ ಮರಿ' ಅನ್ನುತ್ತಾರೆ. ಬೆನ್ನಿನ ಮೇಲೆ ರೆಕ್ಕೆಯ ಬದಲು ಸಣ್ಣ ಸಣ್ಣ ಗುಳ್ಳೆಗಳಿರುವ ಪಟ್ಟಿ ಇದೆಯಾ ನೋಡಿ. ಹಲ್ಲು ನೋಡಿದರೆ ಸಂಶಯವೇ ಉಳಿಯುವುದಿಲ್ಲ: ಡಾಲ್ಫಿನ್ನಿನ ಹಲ್ಲು ಚೂಪು, ಪೊರ್ಪಾಯ್ಸ್‌ನದು ತುದಿ ಚಪ್ಪಟೆ.

ಗಿರಗಿರ ತಿರುಗುತ್ತಾ ಹಾರುವ ಸ್ಪಿನ್ನರ್ ಡಾಲ್ಫಿನ್ ಆಳಸಮುದ್ರದ ಕಡೆಯದು. ದೋಣಿಯವರು ಕಂಡ ಕತೆ ಹೇಳುತ್ತಾರೆ, ದಡದಲ್ಲಿ ಅದನ್ನು ಕಾಯಬೇಡಿ. ತಿಮಿಂಗಿಲವೂ ಹಾಗೆಯೇ. ದೊಡ್ಡ ಬೆನ್ನು, ತುಂಬಾ ಹಿಂದೆ ಸಣ್ಣ ರೆಕ್ಕೆ, ಮೇಲೆ ಉಸಿರಿನ ಹಬೆ ಕಂಡರೆ ವಿಡಿಯೋ ಮಾಡಿಟ್ಟುಕೊಳ್ಳಿ, ಹೆಸರು ತಜ್ಞರು ಹೇಳಲಿ.

ಎಣಿಸುವುದು

ಐದು ಸಲ ರೆಕ್ಕೆ ಕಂಡರೆ ಐದು ಡಾಲ್ಫಿನ್ ಅಲ್ಲ. ಒಂದೇ ಐದು ಸಲ ಎದ್ದಿರಬಹುದು. ಒಂದೇ ಹೊತ್ತಿಗೆ ಮೇಲೆ ಕಂಡದ್ದು ಎಷ್ಟು ಅಂತ ನೋಡಿ, ಅದು ಕನಿಷ್ಠ ಸಂಖ್ಯೆ. ಆಮೇಲೆ ಇನ್ನೂ ಇದ್ದಿರಬಹುದು ಅನಿಸಿದರೆ ಗರಿಷ್ಠ ಅಂತ ಬೇರೆ ಬರೆಯಿರಿ. '3ರಿಂದ 5' ಅಂತ ಬರೆದರೆ ಯಾರೂ ನಗುವುದಿಲ್ಲ. '17' ಅಂತ ಬರೆದರೆ ಹೇಗೆ ಎಣಿಸಿದಿರಿ ಅಂತ ಕೇಳುತ್ತಾರೆ.

ಬರೆದಿಡುವುದು

ಮಾದರಿಗೆ ಒಂದು ಪುಟ ಹೀಗಿರಲಿ:

'ಪಡುಕೆರೆ, ಬೆಳಿಗ್ಗೆ 7.00ರಿಂದ 8.30. ಗಾಳಿ ಕಡಿಮೆ, ನೊರೆ ಇಲ್ಲ, ದಿಗಂತ ಮಸುಕು. ನೋಡಿದವರು ಇಬ್ಬರು. 7.40ಕ್ಕೆ ಅಲೆ ಒಡೆಯುವ ಜಾಗದಿಂದ ಸ್ವಲ್ಪ ಆಚೆ, ಉತ್ತರಕ್ಕೆ ಸಾಗುತ್ತಾ. ಒಟ್ಟಿಗೆ ಕಂಡದ್ದು 2, ಇನ್ನೊಂದು ಇರಬಹುದು. ಬೆನ್ನಿನಲ್ಲಿ ದಿಬ್ಬ ಕಂಡಿತು, ಮೂತಿ ಕಾಣಲಿಲ್ಲ. ಒಂದರ ರೆಕ್ಕೆಯ ಹಿಂಭಾಗದಲ್ಲಿ, ತುದಿಗೆ ಹತ್ತಿರ, ಕಚ್ಚು. ಹತ್ತಿರ ಒಂದು ನಾಡದೋಣಿ. 7.55ರ ನಂತರ ಕಾಣಲಿಲ್ಲ. ಗೂನುಬೆನ್ನಿನದು ಇರಬೇಕು.'

ಇದರಲ್ಲಿ 'ಮೂತಿ ಕಾಣಲಿಲ್ಲ' ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟ. ಕಾಣದ್ದನ್ನೂ ಬರೆದವರ ಉಳಿದ ಮಾತನ್ನು ಧೈರ್ಯವಾಗಿ ನಂಬಬಹುದು. ಹಾಗೆಯೇ ಏನೂ ಕಾಣದ ದಿನವನ್ನೂ ಬರೆಯಲೇಬೇಕು: ಜಾಗ, ಹೊತ್ತು, ಗಾಳಿ, 'ಇಲ್ಲ'. ಕಂಡ ದಿನ ಮಾತ್ರ ಬರೆದರೆ ಪ್ರತಿದಿನವೂ ಡಾಲ್ಫಿನ್ ಇದ್ದ ಹಾಗೆ ಆಗುತ್ತದೆ. ಎಷ್ಟು ಹೊತ್ತು ನೋಡಿದಾಗ ಎಷ್ಟು ಕಂಡಿತು ಅನ್ನುವ ಲೆಕ್ಕ ಇದ್ದರೆ ಮಾತ್ರ ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಫೋಟೋ ವಿಷಯಕ್ಕೆ ಬಂದರೆ, ರೆಕ್ಕೆ ನಿಮಗೆ ಅಡ್ಡವಾಗಿ ಇರುವಾಗ ತೆಗೆದದ್ದೇ ಉಪಯೋಗ. ಎಡ, ಬಲ ಎರಡೂ ಬದಿ ಸಿಕ್ಕರೆ ಒಳ್ಳೆಯದು. ಗುರುತಿಗೆ ಆಗುವುದು ರೆಕ್ಕೆಯ ಹಿಂಭಾಗದ ಅಂಚು, ಕಚ್ಚುಗಳೆಲ್ಲ ಅಲ್ಲೇ ಇರುತ್ತವೆ. ಮೈಮೇಲಿನ ಸಣ್ಣ ಗೀರು ಮಾಸಿಹೋಗುತ್ತದೆ, ಅಂಚಿನ ಕಚ್ಚು ವರ್ಷಗಟ್ಟಲೆ ಉಳಿಯುತ್ತದೆ. ಮಸುಕಾದ ಫೋಟೋ ಅಂತ ಅಳಿಸಬೇಡಿ, ಫಿಲ್ಟರ್ ಹಾಕಬೇಡಿ. ಇನ್ನೊಂದು ಮಾತು: ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಜೊತೆಗಿದ್ದ ಜಾಗದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ದಾಖಲೆ ಹಾಕಲು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣ ಇದೆ, ಅಲ್ಲಿ ಬೇರೆಯವರು ನಿಮ್ಮ ಗುರುತನ್ನು ತಿದ್ದುತ್ತಾರೆ. ಮರೈನ್ ಮ್ಯಾಮಲ್ ರಿಸರ್ಚ್ ಅಂಡ್ ಕನ್ಸರ್ವೇಶನ್ ನೆಟ್‌ವರ್ಕ್ ಆಫ್ ಇಂಡಿಯಾ ಕೂಡ ಕಂಡದ್ದು, ದಡಕ್ಕೆ ಬಿದ್ದದ್ದು ಎರಡನ್ನೂ ದೇಶದ ಮಟ್ಟದಲ್ಲಿ ಸೇರಿಸುತ್ತದೆ. ಆದರೆ 'ಈಗ ಇಲ್ಲಿ ಡಾಲ್ಫಿನ್' ಅಂತ ಲೊಕೇಶನ್ ಸಮೇತ ಆಗಲೇ ಸ್ಟೇಟಸ್ ಹಾಕಬೇಡಿ. ಅರ್ಧ ಗಂಟೆಯಲ್ಲಿ ಪ್ರವಾಸಿ ದೋಣಿಗಳು ಸುತ್ತುವರಿಯುತ್ತವೆ. ಮರುದಿನ ಹಾಕಿದರೆ ಏನೂ ಕಳೆದುಹೋಗುವುದಿಲ್ಲ.

ಮೀನುಗಾರರ ಹತ್ತಿರ ಕೇಳಿ

ಬೀಚ್ ಹತ್ತಿರದ ಭಜನಾ ಮಂದಿರದ ಜಗಲಿಯಲ್ಲಿ ಬಲೆ ಸರಿಮಾಡುತ್ತಾ ಕೂತ ಹಿರಿಯರಿಗೆ ಗೊತ್ತಿರುವಷ್ಟು ನಮಗೆ ಹತ್ತು ವರ್ಷ ನೋಡಿದರೂ ಗೊತ್ತಾಗದು. ಯಾವ ಗಾಳಿಗೆ ಬರುತ್ತದೆ, ಬೂತಾಯಿ ಬಂದಾಗ ಜಾಸ್ತಿಯೋ, ಬಂಗುಡೆ ಬಂದಾಗಲೋ, ಎಲ್ಲ ಹೇಳುತ್ತಾರೆ. 'ಅಣ್ಣಾ, ಇನಿ ಡಾಲ್ಫಿನ್ ತೋಜಿಂಡಾ?' (ಇವತ್ತು ಡಾಲ್ಫಿನ್ ಕಂಡಿತಾ?) ಅಂತ ತುಳುವಿನಲ್ಲಿ ಶುರುಮಾಡಿ. ಮೊದಲ ದಿನವೇ 'ಬಲೆಗೆ ಬಿದ್ದು ಸಾಯುತ್ತದಾ?' ಅಂತ ಕೇಳಬೇಡಿ. ಬಲೆಗೆ ಸಿಕ್ಕಿ ಸಾಯುವುದು ಡಾಲ್ಫಿನ್‌ಗಳಿಗೆ ದೊಡ್ಡ ಅಪಾಯ ಅನ್ನುವುದು ಸತ್ಯ, ಆದರೆ ಬಲೆ ಹರಿದುಕೊಂಡವರಿಗೂ ಅದು ನಷ್ಟವೇ. ನೋಟ್‌ಬುಕ್ ಹಿಡಿದು ಬಂದವರನ್ನು ಇಲಾಖೆಯವರೆಂದು ತಿಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ದಿನ ಮುಖ ಪರಿಚಯ ಆಗಲಿ, ಕೇಳದೆಯೇ ಹೇಳುತ್ತಾರೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗಲೂ ಕಣ್ಣು ತೆರೆದಿರಲಿ. ಕಂಡರೆ ಚಾಲಕರಿಗೆ 'ಅಟ್ಟಿಸಿಕೊಂಡು ಹೋಗಿ' ಅನ್ನಬೇಡಿ, 'ಎಂಜಿನ್ ನಿಧಾನ ಮಾಡಿ' ಅನ್ನಿ. ದೋಣಿ ಅವುಗಳ ಎದುರು ಅಡ್ಡ ಹೋಗಬಾರದು, ಗುಂಪಿನ ನಡುವೆ ನುಗ್ಗಬಾರದು.

ದಡಕ್ಕೆ ಬಿದ್ದದ್ದು ಕಂಡರೆ

ಡಾಲ್ಫಿನ್, ಪೊರ್ಪಾಯ್ಸ್, ತಿಮಿಂಗಿಲ, ಕಡಲಾಮೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಸತ್ತಿದ್ದರೂ ಹಲ್ಲು, ಮೂಳೆ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಉಡುಪಿ ಜಿಲ್ಲೆಯ ತೀರ ಕುಂದಾಪುರ ಅರಣ್ಯ ವಿಭಾಗಕ್ಕೆ, ದಕ್ಷಿಣ ಕನ್ನಡದ್ದು ಮಂಗಳೂರು ವಿಭಾಗಕ್ಕೆ ಸೇರುತ್ತದೆ. ಕರಾವಳಿ ಕಾವಲು ಪೊಲೀಸರ 1093 ಕೂಡ ಫೋನಿನಲ್ಲಿ ಉಳಿಸಿಡಿ.

ಜೀವ ಇದ್ದರೆ ಜನ ಮಾಡುವ ಮೊದಲ ಕೆಲಸ ಬಾಲ ಹಿಡಿದು ನೀರಿಗೆ ಎಳೆಯುವುದು. ಅದೇ ಬೇಡ. ಬಾಲ, ರೆಕ್ಕೆ ಎಳೆದರೆ ಕೀಲು ತಪ್ಪುತ್ತದೆ. ಕಾಯಿಲೆಯಿಂದ ದಡಕ್ಕೆ ಬಂದದ್ದನ್ನು ತಳ್ಳಿದರೆ ಮತ್ತೆ ಬಂದು ಬೀಳುತ್ತದೆ. ಹೊಟ್ಟೆ ಕೆಳಗಾಗಿ ನೇರ ಇರಿಸಿ. ತಲೆಯ ಮೇಲಿನ ಉಸಿರಿನ ತೂತಿಗೆ ನೀರು, ಮರಳು ಹೋಗದಂತೆ ನೋಡಿ. ಒದ್ದೆ ಬೈರಾಸು (ಟವೆಲ್) ಮೈಮೇಲೆ ಹಾಕಿ, ತೂತನ್ನು ಮಾತ್ರ ಮುಚ್ಚಬೇಡಿ. ಮೇಲೆ ಕೊಡೆ ಹಿಡಿಯಿರಿ. ಬಾಲದ ಹತ್ತಿರ ನಿಲ್ಲಬೇಡಿ, ಒಂದೇಟಿಗೆ ಕಾಲು ಮುರಿದೀತು. ಸೆಲ್ಫಿಯವರನ್ನು ದೂರ ಇಡುವುದಕ್ಕೇ ಒಬ್ಬರು ಬೇಕಾಗುತ್ತಾರೆ, ಅದಕ್ಕೆ ಊರಿನ ಗಟ್ಟಿ ಧ್ವನಿಯ ಅಕ್ಕ ಒಬ್ಬರಿದ್ದರೆ ಪೊಲೀಸರೇ ಬೇಡ. ಇಂಥ ಸಂದರ್ಭಕ್ಕೆ ಕೇಂದ್ರ ಪರಿಸರ ಸಚಿವಾಲಯ 2021ರ ಜನವರಿಯಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ, ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಅದನ್ನು ಓದಿರಲಿ.

ಸತ್ತಿದ್ದರೆ ಮುಟ್ಟದೆ ಫೋಟೋ ತೆಗೆಯಿರಿ: ಇಡೀ ದೇಹ ಒಂದು ಬದಿಯಿಂದ, ತಲೆ, ಬಾಯಿ ತೆರೆದಿದ್ದರೆ ಹಲ್ಲು, ಬೆನ್ನು, ಬಾಲ, ಹೊಟ್ಟೆಯ ಭಾಗ. ಪಕ್ಕದಲ್ಲಿ ಅಳತೆಗೆ ಚಪ್ಪಲಿಯೋ ಪೆನ್ನೋ ಇರಲಿ. ಉದ್ದ ಅಳೆಯುವುದಿದ್ದರೆ ಮೂತಿಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ನೇರವಾಗಿ, ಮೈಯ ಉಬ್ಬಿನ ಮೇಲೆ ಟೇಪ್ ಹಾಸಬೇಡಿ. ಮೂತಿಯ ಸುತ್ತ, ರೆಕ್ಕೆಯ ಬುಡದಲ್ಲಿ ದಾರದ ಗೆರೆ ಇದೆಯಾ ನೋಡಿ, ಬಲೆಯ ಗುರುತು ಅಲ್ಲೇ ಸಿಗುವುದು. ವಾಸನೆ ಅಂತ ಊರವರು ಕೂಡಲೇ ಹೂಳಲು ಹೊರಡುತ್ತಾರೆ. ಪಶುವೈದ್ಯರು ನೋಡುವವರೆಗೆ ತಡೆಯುವಂತೆ ವಿನಂತಿಸಿ.

ಕಡಲಾಮೆಗೆ ಬೇರೆಯೇ ಲೇಖನ ಬೇಕು, ಸದ್ಯಕ್ಕೆ ಇಷ್ಟು: ಚಿಪ್ಪಿನ ನಡುಸಾಲಿನ ಅಕ್ಕಪಕ್ಕದ ಫಲಕಗಳನ್ನು ಎಣಿಸಿ. ಒಂದೊಂದು ಬದಿಗೆ ಆರು ಅಥವಾ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಆಲಿವ್ ರಿಡ್ಲೆ. ನಾಲ್ಕೇ ಇದ್ದರೆ ಹಸಿರಾಮೆ ಅಥವಾ ಹಾಕ್ಸ್‌ಬಿಲ್, ಮೂತಿ ಗಿಳಿಯ ಕೊಕ್ಕಿನಂತೆ ಚೂಪಾಗಿದ್ದರೆ ಎರಡನೆಯದು.

ಮಳೆಗಾಲದಲ್ಲಿ ಬಂಡೆಯ ಕೆಲಸ ನಿಂತರೂ ನಡಿಗೆ ನಿಲ್ಲಿಸಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಬೀಚ್ ಖಾಲಿ, ಕಡಲು ತನ್ನೊಳಗಿದ್ದದ್ದನ್ನೆಲ್ಲ ದಡಕ್ಕೆ ಎಸೆಯುವ ಕಾಲ. ಅಲೆ ತಲುಪುವ ಗೆರೆಗಿಂತ ಮೇಲೆ ನಡೆಯಿರಿ. ವಾರಕ್ಕೊಮ್ಮೆ ಅದೇ ಎರಡು ಕಿಲೋಮೀಟರ್, ಅದೇ ನೋಟ್‌ಬುಕ್. ಕಳೆದ ವಾರ ಬರೆದ ಕಳೇಬರವನ್ನೇ ಮತ್ತೆ ಎಣಿಸದಂತೆ, ಹಳೆಯ ಫೋಟೋ ಒಮ್ಮೆ ನೋಡಿಕೊಂಡು ಹೊರಡಿ.